ಬೆಸ ತಾರೀಖು

ಮುನಸಿಪಾಲ್ಟಿಯವರು ಬೀದಿಯನ್ನು ಉದ್ದಕ್ಕೆ ಸೀಳಿದರು:
ಬೆಸ ತಾರೀಖಿಗೆ ಪೂರ್ವದ ಸಾಲು,
ಸಮ ತಾರೀಖಿಗೆ ಪಶ್ಚಿಮದ್ದು.
ಸೊಲ್ಲಾಪುರದ ನವಿ ಪೇಠೆಯಲ್ಲಿ
ನೂರು ದಿನದ ಮೇಲೆ ಒಂದೇ ಕಣ್ಣು ತೆರೆದ ಬೀದಿ.

ಪೂರ್ವಕ್ಕೆ ಹತ್ತೂರೆ ಕಾಕಾರ ಪುಸ್ತಕದಂಗಡಿ.
ಎದುರಿಗೆ, ಚಾದರ ಗೋದಾಮಿನ ಮಾಳಿಗೆಯಲ್ಲಿ,
ಅಂಬುಬಾಯಿ ಯೆಮುಲ ನಡೆಸುವ ಚಿತ್ರದ ಕೋಣೆ.
ನಡುವೆ ಹದಿನೆಂಟು ಹೆಜ್ಜೆ, ಮತ್ತು ಇಡೀ ಒಂದು ದಿನ.

ನಾನು ಲಗ್ನಪತ್ರಿಕೆಯ ಪ್ರೆಸ್ಸಿನಲ್ಲಿ ಅಚ್ಚಿನ ತಪ್ಪು ಹುಡುಕುವವನು.
ಬೇಸಿಗೆ ಪೂರಾ ನಮ್ಮ ಗಣಪತಿಗಳು
ಕಪಾಟಿನಲ್ಲೇ ಕೂತಿದ್ದರು.
ಮೊದಲ ಆರ್ಡರು ಬಂತು, ಐವತ್ತು ಪ್ರತಿ.
"ಐವತ್ತೇ ಮಂದಿಗೆ ಪರವಾನಗಿರಿ" ಎಂದ ಹುಡುಗಿಯ ಅಪ್ಪ,
ಯಾರನ್ನು ಬಿಡುವುದೆಂದು ಬೆರಳು ಮಡಚುತ್ತ.
ಕೆಲಸ ಅರ್ಧ ಗಂಟೆಗೆ ಮುಗಿಯಿತು.
ಹೊರಬಿದ್ದೆ. ಅಂದು ತಾರೀಖು ಒಂಬತ್ತು.

ಅಂಗಡಿ ಬಾಗಿಲಿಗೆ ನೈಲಾನ್ ಹಗ್ಗ, ನೆಲಕ್ಕೆ ಸುಣ್ಣದ ವೃತ್ತ.
"ಮುಟ್ಟಂಗಿಲ್ಲಪಾ. ಏನು ಬೇಕು ಹೇಳು, ತೋರಸ್ತೀನಿ."
ಏನು ಬೇಕೆಂದು ಗೊತ್ತಿದ್ದರೆ
ನಾನೇಕೆ ಪುಸ್ತಕದಂಗಡಿಗೆ ಬರುತ್ತಿದ್ದೆ?
ಇಪ್ಪತ್ತು ವರ್ಷ ಬೆರಳಿನಿಂದಲೇ ಓದಿದ್ದೆ ಈ ಅಂಗಡಿಯನ್ನು.
ಮರಾಠಿ ಪಂಚಾಂಗಗಳ ಹಿಂದೆ ಕನ್ನಡದ ಎರಡು ಸಾಲು,
ಕೆಳಗಿನದಕ್ಕೆ ಮಂಡಿಯೂರಬೇಕು, ಧೂಳಿಗೆ ಸೀನಬೇಕು.
ಈಗ ಸೀನಿದರೆ ಬೀದಿಯೇ ಓಡುತ್ತದೆ.

ಕಾಕಾ ಒಂದೊಂದಾಗಿ ಎತ್ತಿ ಹಿಡಿದರು,
ಸಂತೆಯಲ್ಲಿ ಆಡಿನ ಮರಿ ತೋರಿಸಿದ ಹಾಗೆ:
ಬೆನ್ನು, ಮುಖ, ಬೆಲೆ.
ಒಂದು ತೆಳ್ಳನೆಯದು, ರಟ್ಟಿಲ್ಲದ್ದು,
ಹೆಸರನ್ನು ಹುಳ ತಿಂದಿತ್ತು.
"ಅದು?" ಎಂದೆ.
ಕಾಕಾ ನಾಲ್ಕು ಹೆಜ್ಜೆ ಹಿಂದೆ ಸರಿದು
ಮಾಸ್ಕು ಗದ್ದಕ್ಕೆ ಜಾರಿಸಿ, ಮೊದಲ ಪುಟ ಓದಿದರು.
ಬಾವಿ ತೋಡುವವರ ಕತೆ.
ಹನ್ನೆರಡು ಆಳು ತೋಡಿದರೂ ನೀರಿಲ್ಲ,
ಹದಿಮೂರನೇ ಆಳಿನಲ್ಲಿ ಒಬ್ಬ ಕೆಳಗಿನಿಂದ ಕೂಗುತ್ತಾನೆ
ಪುಟ ಮುಗಿಯಿತು.
ಈ ಮನುಷ್ಯನಿಗೆ ಇಂಥ ದನಿ ಇತ್ತೆ?
ಇಷ್ಟು ವರ್ಷ ಅದು
"ಎಂಬತ್ತು ರೂಪಾಯಿ, ಚಿಲ್ಲರೆ ಕೊಡು" ಅಷ್ಟೇ ಆಗಿತ್ತು.

ಕಿಸೆಯಲ್ಲಿ ಅರವತ್ತಿತ್ತು. ಅರ್ಧ ಪಗಾರಿನ ತಿಂಗಳು.
"ಇರಲಿ, ರೊಕ್ಕ ಬಂದಾಗ ಬಾ," ಎಂದ ಕಾಕಾ
ಕಪಾಟಿನ ಕಡೆ ತಿರುಗಿಕೊಂಡೇ ಹೇಳಿದರು,
"ನಾಳೆ ಎದುರಿನವರು ಕಂಡರ,
ಮಾರ್ಚದ ಚಾ ರೊಕ್ಕ ನಂದೇ ಬಾಕಿ ಅದ ಅನ್ನು."

ಹತ್ತನೇ ತಾರೀಖು. ಮೆಟ್ಟಿಲ ಬುಡದಲ್ಲಿ ಅಂಬುಬಾಯಿ
ನನ್ನ ಹಣೆಗೆ ಬಂದೂಕು ಹಿಡಿದು "ತೊಂಬತ್ತೇಳು" ಎಂದರು.
"ಒಬ್ಬೊಬ್ಬರೇ. ಬೇರೆ ಯಾರೂ ಬಂದೂ ಇಲ್ಲ. ನಿಧಾನ ನೋಡ್ರಿ."
ಗೋಡೆ ತುಂಬ ಅವರ ತಂದೆ ಬರೆದ ಚಾದರದ ನಕ್ಷೆಗಳು:
ಚೌಕುಳಿ ಕಾಗದ, ಒಂದು ಮನೆಗೆ ಒಂದು ನೂಲು.
ಹತ್ತಿರ ನಿಂತರೆ ಕೆಂಪು ಮನೆ, ಹಳದಿ ಮನೆ.
ಹಿಂದೆ ಸರಿದರೆ ನವಿಲು.
ಹಿಂದೆ ಸರಿಯುವುದನ್ನು ಆ ವರ್ಷ ಚೆನ್ನಾಗಿ ಕಲಿತಿದ್ದೆ.

ಅಂಚಿನಲ್ಲಿ ಪೆನ್ಸಿಲಿನ ತೆಲುಗು.
ತಲೆಕಟ್ಟು ಬೇರೆ, ಮೈ ನಮ್ಮದೇ; ಕೂಡಿಸಿಕೊಂಡು ಓದಿದೆ:
ಎರುಪು ತಕ್ಕುವ.
ಕೆಂಪು ಸಾಲದು ಅಂತ, ಎಂದು ಕೆಳಗಿನಿಂದ ಉತ್ತರ.
ನವಿಲಿನ ಕತ್ತಿನಲ್ಲಿ ಒಂದು ಮನೆ ಬಿಳಿ ಉಳಿದಿತ್ತು.
ತಪ್ಪೋ? ಬೇಕೆಂದೇ ಬಿಟ್ಟದ್ದೋ?
ಹೊಟ್ಟೆಪಾಡಿನ ಚಟ, ಬೆರಳು ತಾನೇ ಮುಂದೆ ಹೋಗಿ
ಗಾಜಿಗೆ ತಗಲಿತು.
ಸ್ಯಾನಿಟೈಜರಿನ ಕಲೆಯನ್ನು ಅಂಗಿ ತುದಿಯಿಂದ ಒರೆಸಿದೆ.

ಇಳಿದು ಚಾದ ಬಾಕಿ ಹೇಳಿದೆ.
ಅಂಬುಬಾಯಿ ನಕ್ಕದ್ದು ಕಣ್ಣಿನಷ್ಟೇ ಕಂಡಿತು.
"ಆ ಎಂಟು ರೂಪಾಯಿ? ನಂದು ಅಂತ ನಾ ತಿಳಿದಿದ್ದೆ."

ತಿಂಗಳ ತುಂಬ ಆ ಎಂಟು ರೂಪಾಯಿಯನ್ನು
ಬಾಯಿಮಾತಲ್ಲೇ ಬೀದಿ ದಾಟಿಸಿದೆ.
ಮೂವತ್ತೊಂದು ಬೆಸ, ಮರುದಿನದ ಒಂದೂ ಬೆಸ:
ಕ್ಯಾಲೆಂಡರು ಎಡವಿ ಕಾಕಾರಿಗೆ ಎರಡು ದಿನ ಸಾಲಾಗಿ ಸಿಕ್ಕವು,
ಎದುರಿನ ಮೆಟ್ಟಿಲಿಗೆ ಎರಡು ದಿನ ಬೀಗ.
ಎರಡನೇ ದಿನ ಮಧ್ಯಾಹ್ನಕ್ಕೇ ಶಟರು ಎಳೆದರಂತೆ ಕಾಕಾ.
ಗಿರಾಕಿ ಇಲ್ಲ ಅಂದರಂತೆ.

ಆಮೇಲೊಂದು ಬುಧವಾರ ಎರಡೂ ಸಾಲು ತೆರೆದವು.
ಪಗಾರ ಕಿಸೆಯಲ್ಲಿತ್ತು. ಹಗ್ಗವಿಲ್ಲ, ವೃತ್ತ ಅರ್ಧ ಅಳಿಸಿದೆ.
ಮಂಡಿಯೂರಿ ಬೆರಳಾಡಿಸಿದೆ, ಸೀನಿದೆ,
ಆ ತೆಳ್ಳನೆಯದು ಇಲ್ಲ.
"ಮೊನ್ನೆ ಯಾರೋ ಒಯ್ದರಲ್ಲೋ.
ಹೆಸರೇ ಇಲ್ಲದ್ದು, ಮತ್ತ ತರಸೂದು ಹ್ಯಾಂಗ?"

ಆತ ಬಾವಿಯೊಳಗಿಂದ ಏನೆಂದು ಕೂಗಿದ, ಕೇಳಿದೆ.
"ನಾ ಎಲ್ಲಿ ಓದೀನಿ? ಮಾರಾವ್ರು ಎಲ್ಲಾ ಓದಂಗಿಲ್ಲಪಾ."
ಅವರ ಗಮನ ಎದುರು ಕಿಟಕಿಯ ಮೇಲಿತ್ತು,
ಎರಡು ಬೆರಳು ಎತ್ತಿದ್ದರು, ಚಾಕ್ಕೆ.

ಅಲ್ಲಿಂದ ಅಂಬುಬಾಯಿ
ಮೂರು ತೋರಿಸಿದರು.