ಎರಡರಿಂದ ಎಂಟು

ಯಾದಗಿರಿ. ಲಸಿಕೆ ಉಗ್ರಾಣ. ಮೇ ತಿಂಗಳ ರಾತ್ರಿ.
ಗ್ವಾಡಿ ಇನ್ನೂ ಹಗಲಿನ ಬಿಸಲು ಉಗಳ್ಲತಾವ.
ಒಳಗ ಐದು ಪೆಟ್ಟಿಗಿ ತಣ್ಣಗ ಗುರುಗುಡ್ತಾವ,
ಅವುಗಳ ನಾಡಿ ನನ್ನ ಪರದಿ ಮ್ಯಾಲ ಹಸರು ಗೆರಿ:
ಎರಡಕ್ಕಿಂತ ಇಳೀಬಾರದು, ಎಂಟು ದಾಟಬಾರದು.

ಎರಡು ವಾರದಿಂದ ಸಾಫ್ಟ್‌ವೇರು ಒಂದೇ ಪ್ರಶ್ನೆ ಹಿಡದು ಕುಂತದ:
ಸ್ಟೇಬಲ್ ಬೇಕೋ, ನೈಟ್ಲಿ ಬೇಕೋ?
ಎದುರಿಗೆ ಎರಡು ಗುಂಡನ ಚುಕ್ಕಿ,
ಒಂದು ಒತ್ತಿದ್ರ ಇನ್ನೊಂದು ಖಾಲಿ.

ಸ್ಟೇಬಲ್ ಅಂಬೋದು ನನಗ ಗೊತ್ತಿರೋ ಸುಳ್ಳುಗಾರ.
ಮೂರು ಹತ್ತಕ್ಕ ವಾಡಿ ಕಡಿಂದ ಗೂಡ್ಸ್ ಗಾಡಿ ಬಂತಂದ್ರ
ನೆಲ ನಡುಗಿ, ಮೂರನೇ ಪೆಟ್ಟಿಗಿ ತಂತಿ ಅಲುಗಿ
"ಒಂಬತ್ತು! ಒಂಬತ್ತು!" ಅಂತ ಒದರತದ.
ಒಂದೂವರಿ ವರ್ಷ ಅದೇ ಸುಳ್ಳು, ಅದೇ ಹೊತ್ತಿಗೆ.
ನಾನು ಚಹಾ ಕೆಳಗ ಇಡೂದಿಲ್ಲ.
ಖಾಸೀಮಸಾಬ ಮಾತ್ರ ಪ್ರತಿ ಸಲ ಬ್ಯಾಟರಿ ಹಿಡಕೊಂಡು ಹೋಗಿ
ಒಳಗಿನ ಥರ್ಮಾಮೀಟರ್ ನೋಡಿ ಬರ್ತಾನ.
"ಸುಳ್ಳ ಹೇಳೋನಿಗೂ ಒಂದಿನ ಖರೇನೇ ಜ್ವರ ಬರ್ತಾವ, ಬಾಯಾರ."

ನೈಟ್ಲಿ ಇನ್ನೂ ಹಸಿ.
ದಿನಾ ನಡುರಾತ್ರಿ ಎಲ್ಲೋ ಕುಂತವರು ಬಡದು ಕಳಸಿದ ರೊಟ್ಟಿ,
ಉಬ್ಬತದೋ ಹರೀತದೋ, ಹಂಚಿಗೇ ಗೊತ್ತು.
ಬದಲಾದದ್ದರ ಪಟ್ಟಿ ಎರಡು ಸಲ ಓದಿದೆ:
"ಕ್ಷಣಕಾಲದ ಜಿಗಿತಗಳನ್ನು ಇನ್ನು ಮುಂದೆ ಅಲಕ್ಷಿಸಲಾಗುವುದು."
ಅಲಕ್ಷಿಸಲಾಗುವುದು!
ಎಷ್ಟು ಹೊತ್ತಿಗೆ ಒಂದು ಕ್ಷಣಕಾಲ, ಬರದಿಲ್ಲ.
ಗಾಡಿ ನಡುಕ ಮರೀಲಿಕ್ಕಿ ಕಲತದ್ದು
ಬಾಗಲ ಸಂದಿ ಬಿಟ್ಟದ್ದನ್ನೂ ಮರತ್ರ?

ಅದಕ್ಕ ಅದನ್ನ ಮೊದಲ
ನಮ್ಮ ಊಟದ ಫ್ರಿಜ್ಜಿಗೆ ಕಟ್ಟಿದೆ.
ಹನ್ನೊಂದು ದಿನ ಅದು ಕಾವಲಿದ್ದದ್ದು
ಖಾಸೀಮಸಾಬನ ಮಜ್ಜಿಗಿಗೆ, ನನ್ನ ಶೇಂಗಾ ಹಿಂಡಿಗೆ,
ಡಾಕ್ಟರು ಮರೆತು ಹೋದ ಅರ್ಧ ಕಲ್ಲಂಗಡಿಗೆ.
ಹನ್ನೆರಡನೇ ರಾತ್ರಿ ಕರೆಂಟು ಹೋತು.
ಸ್ಟೇಬಲ್ ಒದರಿತು. ಜನರೇಟರ್ ಎದ್ದಿತು.
ನೈಟ್ಲಿ ಸುಮ್ಮಗ. ಹಸರು ಗೆರಿ ನೆಟ್ಟಗ.
ಮಜ್ಜಿಗಿ ಹುಳಿ ನಾರಿದ್ರೂ "ನಾಕು, ನಾಕು" ಅಂತಿತ್ತು.

ಮರುದಿನ ನಸುಕಿನಾಗೇ ಪಟ್ಟಿ ಬಂತು:
"ಹಿಂದಿನ ರಾತ್ರಿಯ ದೋಷ ಸರಿಪಡಿಸಲಾಗಿದೆ."
ಅಷ್ಟು ಲಗೂನ ಯಾರು ತಪ್ಪು ಒಪ್ಪಕೊಂತಾರ?
ನಮ್ಮ ಮನ್ಯಾಗ ಒಂದು ಮಾತಿಗೆ ಏಳು ವರ್ಷ ಹಿಡೀತು.

ಈಗ ಮೂರು ಒಂಬತ್ತು.
ಚುಕ್ಕಿ ಸ್ಟೇಬಲ್ ಮ್ಯಾಲೇ ಬಿಟ್ಟೀನಿ.
ಫ್ರಿಜ್ಜಿಗೆ ನೈಟ್ಲಿ ಹಂಗೇ ಇರಲಿ, ಕಲೀಲಿ,
ಹುಳಿ ಏನಂಬೋದು ಅದಕ್ಕೂ ತಿಳೀಲಿ.

ನೆಲ ಸಣ್ಣಗ ನಡುಗ್ಲತದ.
"ಒಂಬತ್ತು! ಒಂಬತ್ತು!"
ಖಾಸೀಮಸಾಬ ಇವತ್ತು ರಜಾ.
ಚಹಾ ಕೆಳಗಿಟ್ಟು ನಾನೇ ಎದ್ದೆ.
ಬ್ಯಾಟರಿ ಎಲ್ಲಿಟ್ಟಾನೋ.