ಸ್ವಲ್ಪ ಮೀನು

ಕೇಪ್ ಕೋಸ್ಟಿನ ವಿಶ್ವವಿದ್ಯಾಲಯ, ಮೂರನೇ ಮಹಡಿ,
ಒಂದು ರೆಕ್ಕೆ ಮುರಿದ ಫ್ಯಾನು.
ಬೆಳಗಿನ ಏಳೂವರೆಗೆ ನಾವು ಹನ್ನೊಂದು ಮಂದಿ
ತುಟಿ ಮುಂದಕ್ಕೆ ಚಾಚಿ
ಆರಿದ ಒಲೆ ಊದುವವರ ಹಾಗೆ
ಯು, ಯು, ಯು ಅನ್ನುತ್ತೇವೆ.
ಕೊತೊನೂ ಕಡೆಯ ಮೇಷ್ಟ್ರು ಆದಾಂದೆ
ತಲೆಯಾಡಿಸುತ್ತಾರೆ: ಅದು ಉ ಅಲ್ಲ, ಇ ಅಲ್ಲ,
ಎರಡರ ನಡುವೆ ಒಂದು ಸಂದಿ ಇದೆ,
ನಾಲಿಗೆ ಅಲ್ಲಿ ನುಸುಳಬೇಕು.

ನನ್ನ ನಾಲಿಗೆಗೆ ಆ ಓಣಿ ಗೊತ್ತಿಲ್ಲ.
ಮನೆಯಲ್ಲಿ ಏವೆ ನುಡಿ, ಶಾಲೆಯಲ್ಲಿ ಇಂಗ್ಲಿಷು,
ಪೇಟೆಯಲ್ಲಿ ಹರಕು ತ್ವಿ.
ಮೂರು ಹೆತ್ತವಳಿಗೆ ನಾಲ್ಕನೆಯದು ಭಾರವೇ
ಎಂದು ಸೇರಿಕೊಂಡೆ.
ಭಾರವೇ.

ಬರೆದದ್ದೆಲ್ಲ ಓದಬಾರದಂತೆ.
ಪದದ ಕೊನೆಯಲ್ಲಿ ಕೂತ ಅಕ್ಷರಗಳು
ಪಂಚಾಯಿತಿಗೆ ಬಂದು ತುಟಿ ಬಿಚ್ಚದ ನೆಂಟರು.
ಮೇಜು ಹೆಣ್ಣು. ಪುಸ್ತಕ ಗಂಡು.
"ಗಡ್ಡವೂ ಹೆಣ್ಣಂತಲ್ಲ!" ಎಂದು ಕ್ವಾಬೆನಾ
ತನ್ನದನ್ನು ಸವರಿಕೊಂಡ.
ನಮ್ಮಲ್ಲಿ ಅವನು, ಅವಳು, ಎರಡಕ್ಕೂ ಒಂದೇ ಮಾತು;
ಬಂದವರು ಯಾರೆಂದು ಬಾಗಿಲು ತೆರೆದೇ ನೋಡಬೇಕು.

ತೊಂಬತ್ತೇಳು ಅನ್ನಲು
ನಾಲ್ಕು ಇಪ್ಪತ್ತು, ಹತ್ತು, ಏಳು.
ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.
ಮಾಮಾ ಹೀಗೇ ಎಣಿಸುತ್ತಿದ್ದಳು ಹೊಗೆಮೀನನ್ನು,
ಇಪ್ಪತ್ತರ ಗುಡ್ಡೆ ಮಾಡಿ, ಗುಡ್ಡೆಗೊಂದು ಕಲ್ಲಿಟ್ಟು,
ಉಳಿದದ್ದನ್ನು ಬಾಯಲ್ಲಿ.

ಮಾಮಾ, ನನ್ನ ತಾಯಿಯ ತಾಯಿ.
ಆಫ್ಲಾವೊ ಗಡಿಯ ಈಚೆ ನಮ್ಮ ಮನೆ,
ಆಚೆ ಲೊಮೆ, ಅವಳ ಅಕ್ಕನ ಮನೆ.
ಊಟಕ್ಕೆ ಕೂಗಿದರೆ ಕೇಳುವಷ್ಟು ದೂರ;
ನಡುವೆ ಎರಡು ಬಾವುಟ, ತೂಕಡಿಸುವ ಪೊಲೀಸರು.
ಬೋಗುಣಿ ಹೊತ್ತು ನಲವತ್ತು ವರ್ಷ
ದಿನಾ ದೇಶ ಬಿಟ್ಟು, ಸಂಜೆ ದೇಶಕ್ಕೆ ಮರಳಿದವಳು.
ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.
ಜೂನಿನಲ್ಲಿ ತೀರಿಕೊಂಡಳು,
ನನ್ನ ಪ್ರವೇಶಪತ್ರ ಬರಲು ಹನ್ನೆರಡು ದಿನ ಇರುವಾಗ.

ಐದನೇ ವಾರ.
ಲಾಮಿಲೆ ಒಂದು ವಾಕ್ಯವನ್ನು
ಬ್ರೇಕಿಲ್ಲದ ಟ್ರೋಟ್ರೋ ವ್ಯಾನಿನಂತೆ ಓಡಿಸುತ್ತಿದ್ದಳು.
ಮೇಷ್ಟ್ರು ಕೈ ಎತ್ತಿ, "ದೂಸ್‌ಮಾಂ," ಅಂದರು,
"ದೂಸ್‌ಮಾಂ."
ನನ್ನ ಪೆನ್ನು ನಿಂತಿತು.

ದುಸ್ಮಾ!
ಅದು ನಮ್ಮ ಮನೆಯ ಮಾತು.
ಬೋಗುಣಿ ತಲೆಗೇರಿಸುವಾಗ ಮಾಮಾ ಅನ್ನುತ್ತಿದ್ದದ್ದು,
ಬಿಸಿ ಗಂಜಿ ಕೈಗಿಡುವಾಗ,
ತಂಗಿ ಮೊದಲ ಹೆಜ್ಜೆ ಇಟ್ಟಾಗ: ದುಸ್ಮಾ, ದುಸ್ಮಾ.
ಏವೆ ಎಂದೇ ತಿಳಿದಿದ್ದೆ.
ಹೋ ಊರಿನ ಹಾಸ್ಟೆಲಿನಲ್ಲಿ ಒಮ್ಮೆ ಬಾಯಿತಪ್ಪಿ ಅಂದು
"ಅದ್ಯಾವ ಸೀಮೆಯ ಏವೆಯೇ ನಿನ್ನದು" ಅನ್ನಿಸಿಕೊಂಡಿದ್ದೆ.
ಸುಂಕ ಕಟ್ಟದೆ
ಮೀನಿನ ಬೋಗುಣಿಯ ತಳದಲ್ಲಿ
ಎಂದೋ ದಾಟಿ ಬಂದಿತ್ತು ಅದು.
ಮೆಲ್ಲಗೆ. ಅಷ್ಟೇ ಅರ್ಥ.

ಡಿಸೆಂಬರಿನಲ್ಲಿ ಮೌಖಿಕ ಪರೀಕ್ಷೆ.
ಮನೆಯವರ ಬಗ್ಗೆ ಐದು ವಾಕ್ಯ.
ನಮಗಿನ್ನೂ ಭೂತಕಾಲ ಕಲಿಸಿಲ್ಲ,
ಅದು ಎರಡನೇ ಸೆಮಿಸ್ಟರು, ಒಂಬತ್ತನೇ ಪಾಠ.
ಕೈಯಲ್ಲಿದ್ದ ಕಾಲದಲ್ಲೇ ಹೇಳಿದೆ:
ನನ್ನ ಅಜ್ಜಿಯ ಹೆಸರು ಅಬ್ಲಾವಿ.
ಅವಳು ಸಮುದ್ರದ ಹತ್ತಿರ ಇದ್ದಾಳೆ.
ಅವಳು ಬೆಳಿಗ್ಗೆ ಲೊಮೆಗೆ ಹೋಗುತ್ತಾಳೆ.
ಅವಳು ಮೀನು ಮಾರುತ್ತಾಳೆ.
ಐದನೆಯದಕ್ಕೆ ತಡವರಿಸಿದೆ.
"ವಯಸ್ಸೆಷ್ಟು?" ಮೇಷ್ಟ್ರೇ ದಾರಿ ಮಾಡಿಕೊಟ್ಟರು.
ಫ್ರೆಂಚಿನಲ್ಲಿ ವಯಸ್ಸು ಆಗುವುದಿಲ್ಲ,
ಸೆರಗಿನ ಗಂಟಿನಲ್ಲಿ ಕಾಸಿನಂತೆ ಇರುತ್ತದೆ.
ಅವಳ ಬಳಿ ಎಪ್ಪತ್ತೊಂದು ವರ್ಷ ಇವೆ, ಅಂದೆ.
ಅರವತ್ತು ಮತ್ತು ಹನ್ನೊಂದು.

ಬರೆದುಕೊಂಡರು. ತಪ್ಪು ಒಂದೇ, ಅಂದರು.
ಮೀನಿನ ಮುಂದೆ ಪುಟ್ಟದೊಂದು 'ದ್ಯು' ಬೇಕು,
ಜಗತ್ತಿನ ಮೀನೆಲ್ಲ ಅಲ್ಲವಲ್ಲ ಅವಳು ಮಾರುವುದು,
ಸ್ವಲ್ಪ ಮೀನು.

ತುಟಿ ಚಾಚಿದೆ.
ಬಂತೋ ಇಲ್ಲವೋ,
ಅವರು ಆಗಲೇ ಬಾಗಿಲತ್ತ ತಿರುಗಿ
ಕ್ವಾಬೆನಾನನ್ನು ಕರೆಯುತ್ತಿದ್ದರು.