ಎಡಗಡೆ

ಪೆನ್ಷನ್ ಮೊಹಲ್ಲಾದ ಹಿಟ್ಟಿನ ಗಿರಣಿಯಲ್ಲೇ ಕಣ್ಣುಬಿಟ್ಟ ನಾಯಿ.
ಹತ್ತು ಎಚ್‌ಪಿ ಮೋಟರಿನ ಬೆಲ್ಟು ಪಟಪಟ ಬಡಿಯುವಾಗ
ಜರಡಿಯ ಕೆಳಗೆ ಗೊರಕೆ ಹೊಡೆಯುತ್ತಿದ್ದ.
ಮೈಬಣ್ಣ ನೋಡಿ ತೌಡ ಅಂತ ಕರೆದೆವು.
ದೀಪಾವಳಿಯ ಲಕ್ಷ್ಮಿ ಪಟಾಕಿಗೂ
ಕಿವಿ ಅಲ್ಲಾಡಿಸಿದವನಲ್ಲ.

ಒಂದು ಬುಧವಾರ
ತಲೆ ಸವರಲು ನಾನು ಕೈ ಚಾಚಿದರೆ
ಹೊಡೆತ ಬಿದ್ದವನ ಹಾಗೆ ಕುಸಿದ.
ಬಾಲ ಹೊಟ್ಟೆಯಡಿಗೆ.
ನೆಲದ ಹಿಟ್ಟಿನ ಮೇಲೆ ಒಂದು ಗೆರೆ ಉಚ್ಚೆ.

ಆಮೇಲೆ ಎಲ್ಲಕ್ಕೂ ಭಯ.
ನೇತುಹಾಕಿದ ಗೋಣಿಚೀಲಕ್ಕೆ, ತಕ್ಕಡಿಯ ತಟ್ಟೆಗೆ,
ರಾಗಿ ಹೊತ್ತು ಬರುವವರ ಸೆರಗಿಗೆ,
ದಿನಾ ಬಿಸ್ಕತ್ತು ಹಾಕುವ ಪೋಸ್ಟ್‌ಮ್ಯಾನಿಗೆ.
ಸಂಜೆಯಾದರೆ ಮೋಟರಿನ ಹಿಂದಿನ ಸಂದಿ ಸೇರಿ
ಮೈಯ ಎಡಗಡೆಯನ್ನು ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದ.
ಅದನ್ನು ನಾನು ನೋಡಿದೆ.
ನೋಡಿದೆ ಅಷ್ಟೆ, ತಿಳಿಯಲಿಲ್ಲ.

ಗಿರಾಕಿಗಳು ತಲೆಗೊಂದು ಹೇಳಿದರು.
"ನಮಗೆ ಕಾಣದ್ದು ನಾಯಿಗೆ ಕಾಣ್ತದೆ ಕಣಮ್ಮ."
"ಒಂದು ತಾಯ್ತ ಕಟ್ಸು."
"ಹುಚ್ಚೇನಾದ್ರೂ ಹಿಡೀತೋ, ಕಟ್ಟಾಕು ಮೊದ್ಲು."
ಜಮೀಲಾಬಿ ಮಾತ್ರ ಗೋಧಿ ಡಬ್ಬ ಇಳಿಸುತ್ತಾ, ಮೆಲ್ಲಗೆ,
"ಯಾರೋ ಹೊಡೆದಿರ್ಬೇಕು. ಏಟು ತಿಂದಿದ್ದು ಹಿಂಗೇ ಇರ್ತದೆ.
ನಂಗೊತ್ತು."

ಯಾರೋ ಎಂದರೆ
ಗಿರಣಿಯಲ್ಲಿ ನನ್ನ ಬಿಟ್ಟರೆ ಇನ್ನೊಬ್ಬನೇ.
ದುದ್ದದ ಹುಡುಗ ರಂಗಧಾಮ, ಹದಿನೇಳು ವರ್ಷ,
ಕಿವಿಯ ಹಿಂದೆ ಸದಾ ಅಕ್ಕಿಹಿಟ್ಟು.
ಕೇಳಲಿಲ್ಲ ನಾನು. ಕೇಳುವುದಕ್ಕಿಂತ ಕೆಟ್ಟದ್ದು ಮಾಡಿದೆ:
ಪೊರಕೆಯನ್ನು ಒಳಗಿಟ್ಟು ಬೀಗ ಹಾಕಿದೆ.
ಅವನ ಟೀ ಲೋಟವನ್ನು ಮಾತಿಲ್ಲದೆ ಕುಕ್ಕಿದೆ.
ಅವನು ಬೀಗ ನೋಡಿದ, ನಾಯಿ ನೋಡಿದ,
ಶನಿವಾರ ಬಟವಾಡೆ ಎಣಿಸಿಕೊಂಡು
"ಬರ್ತೀನಿ ಅಕ್ಕ" ಅಂದ.
ಸೋಮವಾರ ಬರಲಿಲ್ಲ.
ತೌಡನ ಭಯ ಅವನ ಜೊತೆ ಹೋಗಲಿಲ್ಲ.

ಗೋಧಿಚೀಲದಲ್ಲಿ ಸುತ್ತಿ, ಆಟೋದಲ್ಲಿ,
ಪಶುವೈದ್ಯ ಕಾಲೇಜಿಗೆ ಒಯ್ದೆ.
ಡಾಕ್ಟರಮ್ಮ ಚಿಕ್ಕ ಪ್ರಾಯದವರು, ಮುಂಗೈ ತುಂಬ ಹಳೇ ಪರಚು.
ಮೊದಲು ಮುಟ್ಟಲಿಲ್ಲ, ನೆಲದ ಮೇಲೆ ಕೂತರು.
"ಹೆದರ್ಕೊಂಡಿದೆ ಅಂತ ತರ್ತೀರ. ಎಷ್ಟೋ ಸಲ ನೋವಿರುತ್ತೆ,
ಕಿವಿಯೊಳಗೆ, ಹಲ್ಲಿನ ಬುಡದಲ್ಲಿ, ಬೆನ್ನುಮೂಳೆಯಲ್ಲಿ.
ಎಲ್ಲಿ ಅಂತ ಅದು ಹೇಳಲ್ಲ. ಬಚ್ಚಿಟ್ಕೊಳ್ಳುತ್ತೆ."
ಒಂದೊಂದೇ ತಡವಿ ನೋಡಿದರು.
ಕೊನೆಗೆ ಒಂದು ಹತ್ತಿಯುಂಡೆ ತೆಗೆದು
ಬಲಗಡೆಯಿಂದ ಬಿಟ್ಟರು.
ಸದ್ದಿಲ್ಲದೆ ಇಳಿಯಿತು ಹತ್ತಿ,
ಜೊತೆಗೇ ಇಳಿಯಿತು ತೌಡನ ಕಣ್ಣು.
ಎಡಗಡೆಯಿಂದ ಬಿಟ್ಟರು.
ಹತ್ತಿ ಇಳಿಯಿತು.
ನೆಲ ಮುಟ್ಟಿತು.
ತೌಡ ನನ್ನನ್ನೇ ನೋಡುತ್ತಿದ್ದ.

ಉಣ್ಣಿ ಕಚ್ಚಿ ಬರುವ ಜ್ವರ. ಮಾರನೇ ದಿನ ರಕ್ತವೂ ಅದನ್ನೇ ಹೇಳಿತು.
ಕಣ್ಣೊಳಗೆ ಊತ; ಎಡಗಣ್ಣು ಹೆಚ್ಚುಕಡಿಮೆ ಕತ್ತಲೆ.
ಇಪ್ಪತ್ತೆಂಟು ದಿನ ಮಾತ್ರೆ, ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ.
"ದೃಷ್ಟಿ ಪೂರ್ತಿ ಬರುತ್ತೆ ಅಂತ ಮಾತು ಕೊಡಲ್ಲ.
ಮುಟ್ಟೋ ಮುಂಚೆ ದೂರದಿಂದ ಹೆಸರು ಕರೀರಿ.
ಬಲಗಡೆಯಿಂದ ಬನ್ನಿ."

ಮುದ್ದೆಯ ತುಣುಕಿನೊಳಗೆ ಮಾತ್ರೆ ಹುದುಗಿಸುತ್ತಾ
ಆ ರಾತ್ರಿ ಲೆಕ್ಕ ಹಾಕಿದೆ.
ನಾನು ಬಲಗೈಯವಳು.
ಎದುರು ನಿಂತ ನಾಯಿಗೆ
ನನ್ನ ಬಲ, ಅವನ ಎಡ.
ಕತ್ತಲೆಯಿಂದ ಹಠಾತ್ತನೆ ತಲೆಗೆ ಬಂದ ಆ ಕೈ
ನನ್ನದೇ.

ಹತ್ತೊಂಬತ್ತನೇ ದಿನ
ತೌಡ ಮತ್ತೆ ಜರಡಿಯ ಕೆಳಗೆ ಮಲಗಿದ, ನಿದ್ದೆ ಮಾಡಲಿಲ್ಲ.
ಗಿರಣಿ ಮುಚ್ಚಿ ದುದ್ದದ ಬಸ್ಸು ಹತ್ತಿದೆ.
ಸಿಮೆಂಟ್ ಅಂಗಡಿ ಮುಂದೆ ಮೂಟೆ ಇಳಿಸುತ್ತಿದ್ದ ರಂಗಧಾಮ,
ಈಗ ಕಿವಿಯ ಹಿಂದೆ ಬೂದು ಪುಡಿ.
ರಸ್ತೆಯ ಆಚೆಯೇ ನಿಂತು
ಹೆಸರು ಕರೆದೆ.

ಹೆಗಲು ಒಮ್ಮೆ ಕುಗ್ಗಿತು.
ಆಮೇಲೆ ತಿರುಗಿದ.